ತಿಂಗಳಿಗೊಂದು ಪುಸ್ತಕ, ಮಂಡ್ಯದಿಂದ ಮೈಸೂರಿಗೆ

2024ರ ಡಿಸೆಂಬರ್‌ನಲ್ಲಿ ನಮ್ಮ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಎರಡನೇ ದಿನ ಅರ್ಧ ದಿನ ರಜೆ ಹಾಕಿ ಪುಸ್ತಕದ ಮಳಿಗೆಗಳ ಕಡೆ ಹೋದೆ. ಜನವೋ ಜನ. ಧೂಳು ಬೇರೆ. ಒಂದು ಮಳಿಗೆಯಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎತ್ತಿಕೊಂಡು, ತಗೊಳ್ಳಲೋ ಬೇಡವೋ ಅಂತ ನಿಂತಿದ್ದೆ. ಪುಸ್ತಕ ಅಷ್ಟು ದಪ್ಪ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, ‘ತಗೊಳ್ಳಿ, ಒಬ್ಬರೇ ಓದಬೇಡಿ ಅಷ್ಟೇ. ನಾವೂ ಜನವರಿಯಿಂದ ಅದನ್ನೇ ಶುರು ಮಾಡ್ತಾ ಇದೀವಿ. ಮೈಸೂರಿಗೆ ಬನ್ನಿ’ ಅಂದರು. ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು. ಆ ಚೀಟಿಯನ್ನು ಪುಸ್ತಕದೊಳಗೇ ಇಟ್ಟುಕೊಂಡು ಮನೆಗೆ ಬಂದೆ.

ನನಗೆ ಓದುವ ಅಭ್ಯಾಸ ಮೊದಲಿನಿಂದಲೂ ಇದೆ. ಆದರೆ ಓದಿದ್ದನ್ನು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಮನೆಯಲ್ಲಿ ಅಡುಗೆ, ಮಗಳ ಪರೀಕ್ಷೆ, ಅತ್ತೆಯವರ ಮಾತ್ರೆ. ಒಂದು ಪುಸ್ತಕ ಮುಗಿಸಿದರೆ ‘ಚೆನ್ನಾಗಿತ್ತು’ ಅಂತ ಮನಸ್ಸಿನಲ್ಲೇ ಅಂದುಕೊಂಡು ಕಪಾಟಿನಲ್ಲಿ ಇಡುತ್ತಿದ್ದೆ. ಅಲ್ಲಿಗೆ ಮುಗಿಯಿತು.

ಅವರ ಓದುಗರ ಕೂಟ ಸೇರುವುದು ತಿಂಗಳ ಎರಡನೇ ಭಾನುವಾರ, ಸರಸ್ವತಿಪುರಂನ ಒಂದು ಹಳೇ ಮನೆಯ ಮಹಡಿಯಲ್ಲಿ. ಸಮ್ಮೇಳನದಲ್ಲಿ ಸಿಕ್ಕಿದ ಅಕ್ಕನದೇ ಮನೆ. ಮಂಡ್ಯದಿಂದ ನಾನು ಪ್ಯಾಸೆಂಜರ್ ರೈಲು ಹಿಡಿಯುತ್ತೇನೆ. ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಆಮೇಲೆ ಮೈಸೂರು. ಕಿಟಕಿ ಪಕ್ಕ ಸೀಟು ಸಿಕ್ಕರೆ ಓದಲು ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಪಾಂಡವಪುರ ಬಂದಾಗ ಮಾತ್ರ ನಾನು ತಲೆ ಎತ್ತುತ್ತಿರಲಿಲ್ಲ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲ ಸಲ ಹೋದಾಗ ಹನ್ನೊಂದು ಜನ ಇದ್ದರು. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರು. ನಂಜನಗೂಡು ಕಡೆಯ, ಬಸ್ ಕಂಡಕ್ಟರ್ ಆಗಿದ್ದ ಅಣ್ಣ ಒಬ್ಬರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ಅವನನ್ನು ಕರೆತಂದ ಅವನ ಸೋದರತ್ತೆ. ಉಳಿದವರೂ ಹೀಗೇ, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಕೆಲಸಗಳವರು. ಅವರೆಕಾಯಿ ಕಾಲ. ಅಕ್ಕ ಅವರೆಕಾಳು ಉಪ್ಪಿಟ್ಟು ಮಾಡಿದ್ದರು.

ಕೂಟಕ್ಕೆ ಇರುವುದು ಒಂದೇ ನಿಯಮ. ಮೊದಲ ಸುತ್ತಿನಲ್ಲಿ ಎಲ್ಲರೂ ಮೂರು ಮೂರು ನಿಮಿಷ ಮಾತಾಡಬೇಕು. ಓದುತ್ತಾ ನನಗೆ ಏನಾಯಿತು ಅಂತ ಮಾತ್ರ ಹೇಳಬೇಕು. ಲೇಖಕರು ದೊಡ್ಡವರು, ಭಾಷೆ ಸೊಗಸು, ಸಮಾಜಕ್ಕೆ ಸಂದೇಶ ಇದೆ, ಇಂಥದ್ದೆಲ್ಲ ಮೊದಲ ಸುತ್ತಿನಲ್ಲಿ ಬೇಡ. ಯಾರೂ ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಚರ್ಚೆ ಎಲ್ಲ ಎರಡನೇ ಸುತ್ತಿಗೆ. ಕೇಳಲು ಸುಲಭ ಅನಿಸುತ್ತದೆ ಅಲ್ವಾ? ನನ್ನ ಸರದಿ ಬಂದಾಗ ಬಾಯೇ ಬರಲಿಲ್ಲ. ‘ವರ್ಣನೆ ತುಂಬಾ ಚೆನ್ನಾಗಿದೆ’ ಅಂದೆ. ಅಕ್ಕ ನಗುತ್ತಾ, ‘ಅದು ಪುಸ್ತಕದ ವಿಷಯ ಆಯ್ತು. ನಿಮಗೇನಾಯ್ತು?’ ಅಂತ ಕೇಳಿದರು. ನನಗೆ ಏನಾಗಿತ್ತು ಅಂದರೆ ನೂರು ಪುಟದ ಹೊತ್ತಿಗೆ ಯಾರು ಯಾರ ಮಗ, ಯಾರು ಯಾವ ಹಟ್ಟಿಯವರು ಅಂತ ಗೊಂದಲವಾಗಿ ಪುಸ್ತಕ ಮುಚ್ಚಿಟ್ಟಿದ್ದೆ. ಹೇಳಲು ನಾಚಿಕೆ ಆಯಿತು. ಆದರೂ ಹೇಳಿದೆ. ತಕ್ಷಣ ಇನ್ನೂ ನಾಲ್ಕು ಜನ ‘ನಮಗೂ ಅದೇ ಆಯ್ತು’ ಅಂದರು.

ಆವತ್ತೇ ಮೇಷ್ಟ್ರು ಗೋಡೆಯ ಕ್ಯಾಲೆಂಡರ್‌ನ ಹಳೇ ಹಾಳೆ ಕಿತ್ತು, ಅದರ ಹಿಂದೆ ಊರುಗಳನ್ನೂ ಮನೆಗಳನ್ನೂ ಬರೆದು, ಜನರ ಹೆಸರು ತುಂಬಿಸಿದರು. ಅವರು ಹೇಳಿದ ಒಂದು ಮಾತು ನನಗೆ ತುಂಬಾ ಸಹಾಯ ಮಾಡಿತು. ‘ಇದು ಒಬ್ಬ ನಾಯಕನ ಕಥೆ ಅಲ್ಲ. ನೀವು ನಾಯಕನನ್ನು ಹುಡುಕುತ್ತಾ ಹೋಗ್ತೀರಿ, ಅದಕ್ಕೇ ದಾರಿ ತಪ್ಪೋದು. ಯಾರಾದರೂ ಒಬ್ಬರನ್ನು ಹಿಡ್ಕೊಳ್ಳಿ, ಅವರ ಹಿಂದೆ ಹೋಗಿ.’ ನಾನು ಪೀಂಚಲುವನ್ನು ಹಿಡಿದುಕೊಂಡೆ. ಅವಳು, ಅವಳ ಗಂಡ ಐತ, ಅವರಿಬ್ಬರ ಗುಡಿಸಲು. ಏನೂ ಇಲ್ಲದ ಮನೆಯಲ್ಲಿ ಅಷ್ಟು ಪ್ರೀತಿ. ಇಂಜಿನಿಯರಿಂಗ್ ಹುಡುಗ ಗುತ್ತಿ ಅನ್ನುವವನ ನಾಯಿ ಹುಲಿಯನನ್ನು ಹಿಡಿದುಕೊಂಡ.

ಮೂರು ತಿಂಗಳು ಹಿಡಿಯಿತು. 1967ರಲ್ಲಿ ಬಂದ ಕಾದಂಬರಿ. ಅದರೊಳಗಿನ ಕಾಲವಂತೂ ಅದಕ್ಕೂ ಎಷ್ಟೋ ಹಿಂದಿನದು. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡು. ಬಯಲುಸೀಮೆಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಬೆಳೆದ ನನಗೆ ಆ ಕಾಡು, ಆ ಜಡಿಮಳೆ ಯಾವುದೂ ಗೊತ್ತಿರಲಿಲ್ಲ. ಮಾರ್ಚ್ ತಿಂಗಳ ಭಾನುವಾರ, ಮೈಸೂರಿಗೆ ಹೋಗುವ ರೈಲಿನಲ್ಲೇ ಕೊನೆಯ ಪುಟಗಳನ್ನು ಓದುತ್ತಿದ್ದೆ. ತುಂಬಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತಾನೆ. ಅಷ್ಟು ಹೊತ್ತಿಗೆ ರೈಲು ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ಸೇತುವೆ ಮೇಲೆ ಬಂತು. ಕೆಳಗೆ ನೋಡಿದೆ. ಬೇಸಿಗೆ. ನದಿಯಲ್ಲಿ ನೀರು ಕಡಿಮೆ, ಬಂಡೆಗಳು ಎದ್ದು ಕಾಣುತ್ತಿದ್ದವು. ಆದರೂ ನನ್ನ ಕಣ್ಣಿಗೆ ಆ ಕೆಂಪು ನೀರೇ ಕಾಣುತ್ತಿತ್ತು. ಎದುರು ಸೀಟಿನ ಅಜ್ಜಿ, ‘ಯಾಕವ್ವಾ, ಉಷಾರಿಲ್ವಾ?’ ಅಂತ ಕೇಳಿದರು. ‘ನಾಯಿ ಹೋಗ್ಬಿಡ್ತು ಅಜ್ಜಿ’ ಅಂದೆ. ‘ಅಯ್ಯೋ, ಸಾಕಿದ್ದಾ?’ ಅಂದರು. ಹೌದು ಅಂತ ತಲೆಯಾಡಿಸಿದೆ. ಮೂರು ತಿಂಗಳು ಸಾಕಿದ್ದು ನಿಜವೇ ಅಲ್ವಾ?

ಆವತ್ತು ಕೂಟದಲ್ಲಿ ಆ ಹುಡುಗ ಮೂರು ನಿಮಿಷದಲ್ಲಿ ಎರಡು ವಾಕ್ಯ ಕೂಡ ಹೇಳಲಿಲ್ಲ. ಸುಮ್ನೆ ಕೂತಿದ್ದ. ಯಾರೂ ಮಧ್ಯೆ ಮಾತಾಡಲಿಲ್ಲ. ಮೂರು ನಿಮಿಷ ಅವನ ಮೌನಕ್ಕೇ ಬಿಟ್ಟುಕೊಟ್ಟೆವು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಈ ಕಾದಂಬರಿಯನ್ನು ರಾತ್ರಿಯಿಡೀ ನಾಟಕವಾಗಿ ಆಡಿದ್ದನ್ನು ಅಕ್ಕ ನೋಡಿದ್ದರು. ಬೆಳಗಿನ ಜಾವ ಶಾಲು ಹೊದ್ದು ಕೂತಿದ್ದ ನೆನಪನ್ನು ಹೇಳಿದರು. ಸಂಜೆ ಎಲ್ಲರೂ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದೆವು. ಕುವೆಂಪು ಅವರು ನಡೆದಾಡಿದ ಏರಿ. ಹಕ್ಕಿಗಳು ಮರ ಸೇರುವ ಹೊತ್ತು. ಹೆಚ್ಚು ಮಾತಾಡಲು ಯಾರಿಗೂ ಮನಸ್ಸಿರಲಿಲ್ಲ.

ಏಪ್ರಿಲ್‌ನಲ್ಲಿ ತೇಜಸ್ವಿಯವರ ‘ಕರ್ವಾಲೊ’. ಎಲ್ಲರೂ ಒಂದೆರಡು ದಿನಕ್ಕೇ ಮುಗಿಸಿದ್ದರು. ನನಗೆ ಮಂದಣ್ಣ ಇಷ್ಟವಾದ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನು, ವಿಜ್ಞಾನಿಯ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತಾನೆ. ನನ್ನ ತಮ್ಮ ಹೀಗೇ ಇದ್ದ. ಯಾವ ಹಕ್ಕಿ ಎಲ್ಲಿ ಮೊಟ್ಟೆ ಇಟ್ಟಿದೆ ಅಂತ ಗೊತ್ತಿರುತ್ತಿತ್ತು, ಮಗ್ಗಿ ಬರುತ್ತಿರಲಿಲ್ಲ. ನಾವೆಲ್ಲ ಅವನನ್ನು ಬೈದದ್ದೇ ಬೈದದ್ದು. ಇದನ್ನು ಕೂಟದಲ್ಲಿ ಹೇಳಿದೆ. ಮೊದಲ ಸಲ ಮೂರು ನಿಮಿಷ ನನಗೆ ಸಾಲದೆ ಹೋಯಿತು.

ಮೇ ತಿಂಗಳು ದೇವನೂರ ಮಹಾದೇವ ಅವರ ‘ಕುಸುಮಬಾಲೆ’. 1984ರಲ್ಲಿ ಬಂದದ್ದು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕ ಸಣ್ಣದು. ಆದರೆ ನಂಜನಗೂಡು ಸೀಮೆಯ ಮಾತಿನಲ್ಲೇ ಪೂರ್ತಿ ಬರೆದದ್ದು. ಹತ್ತು ಪುಟಕ್ಕೇ ನಮ್ಮಲ್ಲಿ ಅರ್ಧ ಜನ ಕೈಚೆಲ್ಲಿದ್ದರು. ‘ಕಷ್ಟ, ಅರ್ಥ ಆಗಲ್ಲ’ ಅಂತ ಒಬ್ಬೊಬ್ಬರೂ ಹೇಳುತ್ತಾ ಬಂದರು. ಕಂಡಕ್ಟರ್ ಅಣ್ಣನ ಸರದಿ ಬಂತು. ಅವರು ಪುಸ್ತಕ ತೆರೆದು, ‘ಇದ್ರಾಗೆ ಕಷ್ಟ ಏನದೆ? ನಮ್ಮವ್ವ ಮಾತಾಡ್ದಂಗೇ ಅದೆ’ ಅಂದರು. ‘ಹಾಗಾದರೆ ಓದಿ ಅಣ್ಣಾ’ ಅಂದರು ಅಕ್ಕ.

ಅವರು ಓದಿದ್ದು ಜೋತಮ್ಮಗಳ ಭಾಗ. ರಾತ್ರಿ ಮನೆ ಮನೆಯ ದೀಪಗಳು, ಜನ ಮಲಗಿದ ಮೇಲೆ, ಒಂದು ಕಡೆ ಸೇರಿ ತಮ್ಮ ತಮ್ಮ ಮನೆಯ ಕಷ್ಟಸುಖ ಮಾತಾಡಿಕೊಳ್ಳುತ್ತವೆ. ಅಣ್ಣ ಓದುವಾಗ ಅವರ ದನಿಯೇ ಬದಲಾಯಿತು. ಟಿಕೆಟ್ ಟಿಕೆಟ್ ಅಂತ ವರ್ಷಗಟ್ಟಲೆ ಕೂಗಿದ ಗಂಟಲು ಅದು. ಈಗ ಯಾರದೋ ತಾಯಿ ಮಗುವಿಗೆ ಕಥೆ ಹೇಳುವ ಹಾಗೆ ಮೆತ್ತಗಾಯಿತು. ಎಲ್ಲಿ ಉಸಿರು ತಗೋಬೇಕು, ಎಲ್ಲಿ ಎಳೆಯಬೇಕು, ಯಾವ ಮಾತು ಬೈಗುಳ, ಯಾವುದು ಮುದ್ದು, ಎಲ್ಲ ಅವರಿಗೆ ಗೊತ್ತು. ನಾವು ಕಣ್ಣಲ್ಲಿ ಓದಿ ಎಡವಿದ ವಾಕ್ಯಗಳು ಕಿವಿಗೆ ಬಿದ್ದ ಕೂಡಲೇ ಬಿಡಿಸಿಕೊಂಡವು.

ನನಗೆ ನಮ್ಮ ಅಜ್ಜಿ ನೆನಪಾದರು. ಅಜ್ಜಿ ದೀಪವನ್ನು ಬಾಯಿಂದ ಊದಲು ಬಿಡುತ್ತಿರಲಿಲ್ಲ. ‘ದೀಪ ಆರಿಸು’ ಅಂತಲೂ ಅನ್ನುವ ಹಾಗಿಲ್ಲ. ‘ದೀಪ ದೊಡ್ಡದು ಮಾಡು’ ಅನ್ನಬೇಕು. ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ದೀಪಕ್ಕೂ ಜೀವ ಇದೆ, ಅದು ನಮ್ಮ ಮನೆಯೊಳಗಿನದೆಲ್ಲವನ್ನೂ ನೋಡುತ್ತಿರುತ್ತದೆ, ಆವತ್ತು ಹಾಗೆ ಅನಿಸಿ ಮೈ ಜುಮ್ ಅಂತು.

ಇನ್ನೊಂದು ವಿಷಯವೂ ಆಯಿತು. ಅಣ್ಣ ಓದುವುದನ್ನು ಕೇಳುತ್ತಾ ನನಗೆ ಅಳು ಬಂತು, ಕಥೆಗಲ್ಲ. ನಾನು ಹಳ್ಳಿಯಿಂದ ಮಂಡ್ಯದ ಶಾಲೆಗೆ ಸೇರಿದಾಗ ‘ಹಾಲು’ ಅನ್ನಲು ‘ಆಲು’ ಅನ್ನುತ್ತಿದ್ದೆ, ‘ಹೋಗ್ತೀನಿ’ ಅನ್ನಲು ‘ವೋಯ್ತೀನಿ’ ಅನ್ನುತ್ತಿದ್ದೆ. ಇಡೀ ತರಗತಿ ನಗುತ್ತಿತ್ತು. ಒಂದು ವರ್ಷದಲ್ಲಿ ನಾನು ನನ್ನ ಮಾತನ್ನು ಪೂರ್ತಿ ತಿದ್ದಿಕೊಂಡೆ. ತಿದ್ದಿಕೊಂಡೆ ಅಂತ ಹೆಮ್ಮೆ ಪಟ್ಟೆ. ಊರಿಗೆ ಹೋದಾಗ ಅಜ್ಜಿಯ ಮಾತು ಕೇಳಿ ಮುಜುಗರ ಆಗುತ್ತಿತ್ತು. ಆ ಮಾತಿನಲ್ಲೇ ಇಂಥ ಪುಸ್ತಕ ಇದೆ ಅಂತ ಆಗ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಇದನ್ನೂ ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೂ ಮಕ್ಕಳ ಮಾತು ತಿದ್ದಿದ್ದೀನಿ. ಬಹಳ ಜನರದ್ದು’ ಅಂದರು. ಆವತ್ತಿನ ಸಭೆ ರಾತ್ರಿ ಎಂಟಾದರೂ ಮುಗಿಯಲಿಲ್ಲ. ನನಗೆ ರೈಲು ತಪ್ಪಿ, ಬಸ್ಸಿನಲ್ಲಿ ಬಂದೆ.

ಜೂನ್‌ನಲ್ಲಿ ವಿವೇಕ ಶಾನಭಾಗ ಅವರ ‘ಘಾಚರ್ ಘೋಚರ್’. 2013ರ ಪುಸ್ತಕ. ಇದರಲ್ಲಿ ಜಗಳವೇ ಆಯಿತು. ಒಂದು ಬಡ ಕುಟುಂಬಕ್ಕೆ ಮಸಾಲೆ ವ್ಯಾಪಾರದಿಂದ ದುಡ್ಡು ಬರುತ್ತದೆ, ದುಡ್ಡು ಬಂದ ಮೇಲೆ ಮನೆಯವರು ಏನಾಗುತ್ತಾರೆ ಅನ್ನುವ ಕಥೆ. ಕೊನೆಯಲ್ಲಿ ನಿರೂಪಕನ ಹೆಂಡತಿ ಅನಿತಾಳಿಗೆ ಏನಾದರೂ ಆಯಿತೇ, ಇಲ್ಲವೇ? ಪುಸ್ತಕ ಬಾಯಿಬಿಟ್ಟು ಹೇಳುವುದಿಲ್ಲ. ಅರ್ಧ ಜನ ಆಯಿತು ಅಂದರು, ಅರ್ಧ ಜನ ಅವನ ಭಯ ಅಷ್ಟೇ ಅಂದರು. ನಾನು ಮೊದಲನೆಯ ಕಡೆ. ದಿನವಿಡೀ ಲೆಕ್ಕ ನೋಡುವವಳಿಗೆ ಒಂದು ಗೊತ್ತು. ಲೆಕ್ಕದಲ್ಲಿ ತಪ್ಪು ಇರುವವರು ಅದರ ಬಗ್ಗೆ ಮಾತಾಡುವುದಿಲ್ಲ, ಅಕ್ಕಪಕ್ಕದ ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ. ಆ ನಿರೂಪಕ ಹಾಗೇ ಮಾತಾಡುತ್ತಾನೆ. ಅದರಲ್ಲಿ ಇರುವೆ ಸಾಯಿಸುವ ಭಾಗ ಬರುತ್ತದೆ. ಹಳೇ ಬಾಡಿಗೆ ಮನೆಯಲ್ಲಿ ಇರುವೆಗಳ ಕಾಟ, ಮನೆಯವರಿಗೆ ಅವುಗಳನ್ನು ಕೊಲ್ಲುವುದರಲ್ಲಿ ಒಂದು ಬಗೆಯ ಖುಷಿಯೇ ಹುಟ್ಟಿಕೊಳ್ಳುತ್ತದೆ. ಅದನ್ನು ಓದಿದ ಮೇಲೆ ನಾನು ಅಡುಗೆ ಮನೆಯ ಕಟ್ಟೆ ಮೇಲೆ ಲಕ್ಷ್ಮಣರೇಖೆ ಎಳೆಯುವಾಗ ಪ್ರತಿ ಸಲ ಕೈ ನಿಲ್ಲುತ್ತದೆ. ಸಕ್ಕರೆ ಡಬ್ಬವನ್ನು ನೀರಿನ ತಟ್ಟೆಯಲ್ಲಿ ಇಡಲು ಶುರು ಮಾಡಿದ್ದೇನೆ.

ಜುಲೈಗೆ ತ್ರಿವೇಣಿಯವರ ‘ಶರಪಂಜರ’ ಅಂತ ತೀರ್ಮಾನವಾಯಿತು. ಅದನ್ನು ಸೂಚಿಸಿದ್ದು ನಾನೇ. ತ್ರಿವೇಣಿ ನಮ್ಮ ಮಂಡ್ಯದಲ್ಲಿ ಹುಟ್ಟಿದವರು, 1928ರಲ್ಲಿ. ಬಾಳಿದ್ದು ಮೈಸೂರಿನಲ್ಲಿ. ಮನಃಶಾಸ್ತ್ರ ಓದಿದವರು. ಚಾಮುಂಡಿಪುರಂನಲ್ಲಿ ಅವರ ಮನೆಯನ್ನು ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಊರಿನ ಅಭಿಮಾನದಿಂದ ಹೇಳಿದೆ. ಕಥೆ ನನಗೆ ಗೊತ್ತಿದೆ ಅನ್ನುವ ಧೈರ್ಯವೂ ಇತ್ತು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾವನ್ನು ಟೀವಿಯಲ್ಲಿ ಎಷ್ಟು ಸಲ ನೋಡಿಲ್ಲ! ಕಲ್ಪನಾ ಅವರ ಮುಖ ಕಣ್ಣ ಮುಂದೆಯೇ ಇದೆ. ಬಾಣಂತನದಲ್ಲಿ ಮನಸ್ಸಿನ ಕಾಯಿಲೆ ಬಂದ ಕಾವೇರಿ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆ, ಬೀದಿ, ಗಂಡ, ಯಾರೂ ಅವಳನ್ನು ಗುಣವಾದವಳು ಅಂತ ನೋಡುವುದಿಲ್ಲ. ಆ ನೋಟಗಳೇ ಅವಳನ್ನು ಮತ್ತೆ ಕೆಡವುತ್ತವೆ.

ಪುಸ್ತಕ ಓದುವಾಗ ನನಗೆ ಸಿಟ್ಟು ಬಂತು. ಗಂಡನ ಮೇಲೆ ಜಾಸ್ತಿ. ಕೂಟದ ಮೊದಲ ಸುತ್ತಿನಲ್ಲಿ ಅದನ್ನೇ ಹೇಳಿದೆ. ಚೆನ್ನಾಗಿ ಮಾತಾಡಿದೆ ಅಂತಲೂ ಅಂದುಕೊಂಡೆ. ಆಮೇಲೆ ನರ್ಸ್ ಹುಡುಗಿಯ ಸರದಿ. ಅವಳು ಮೆಲ್ಲಗೆ ಮಾತಾಡುವವಳು. ‘ಸಾವಿರ ಬಾಣಂತಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ಇಂಥ ತೀವ್ರವಾದ ಕಾಯಿಲೆ ಬರುತ್ತೆ. ಸಾಮಾನ್ಯವಾಗಿ ಹೆರಿಗೆಯಾದ ಮೊದಲ ಎರಡು ವಾರದಲ್ಲೇ. ಬೇಗ ಚಿಕಿತ್ಸೆ ಸಿಕ್ಕರೆ ವಾಸಿಯಾಗುತ್ತೆ. ನಾನು ನೋಡಿದೀನಿ’ ಅಂದಳು. ಆಮೇಲೆ, ‘ನನಗೆ ಗಂಡನ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ವಾರ್ಡಿನಿಂದ ಮನೆಗೆ ಕಳಿಸುವಾಗ ನನಗೆ ಭಯ ಆಗೋದು ಮನೆಯ ಉಳಿದವರ ಬಗ್ಗೆ. ಅವರು ಕೆಟ್ಟವರಲ್ಲ. ಸುಮ್ನೆ ಕಣ್ಣಿಟ್ಟಿರ್ತಾರೆ. ಇಡೀ ದಿನ ಕಣ್ಣಿಟ್ಟಿರ್ತಾರೆ’ ಅಂದಳು.

ಆ ಮಾತಿಗೆ ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲುಗಾಡಿತು.

ನನಗೆ ಹನ್ನೊಂದು ವರ್ಷ. ಪಾಂಡವಪುರದ ಹತ್ತಿರದ ನಮ್ಮ ಹಳ್ಳಿಯ ಮನೆ. ಚಿಕ್ಕಮ್ಮನಿಗೆ, ಅಂದರೆ ನಮ್ಮ ಚಿಕ್ಕಪ್ಪನ ಹೆಂಡತಿಗೆ, ತವರಿನಲ್ಲಿ ಹೆರಿಗೆಯಾಗಿ ಗಂಡು ಮಗು ಹುಟ್ಟಿತ್ತು. ಹತ್ತು ದಿನಕ್ಕೆ ಅವರಿಗೆ ಏನೋ ಆಯಿತು. ನಿದ್ದೆ ಬಿಟ್ಟರು, ಏನೇನೋ ಮಾತಾಡಿದರು. ಗಾಳಿ ಅಂದರು, ದಿಷ್ಟಿ ಅಂದರು, ತಾಯತ ಕಟ್ಟಿಸಿದರು. ಕೊನೆಗೆ ಆಸ್ಪತ್ರೆಗೆ ಸೇರಿಸಿದರು. ಮೂರು ತಿಂಗಳಾದ ಮೇಲೆ ನಮ್ಮ ಮನೆಗೆ ಕರೆತಂದರು. ಅಷ್ಟರಲ್ಲಿ ಮಗುವನ್ನು ಅಜ್ಜಿ ಹಸುವಿನ ಹಾಲು ಹಾಕಿ ಸಾಕುತ್ತಿದ್ದರು. ಚಿಕ್ಕಮ್ಮ ಬಂದ ದಿನ ಅಜ್ಜಿ ಈಳಿಗೆಮಣೆಯನ್ನೂ ಬೆಂಕಿಪೊಟ್ಟಣವನ್ನೂ ಅಟ್ಟದ ಮೇಲೆ ಇಟ್ಟರು. ನನ್ನನ್ನು ಕರೆದು, ‘ತೊಟ್ಟಿಲ ತಾವೇ ಕೂತಿರು. ಅವಳು ಮಗೀನ ಮುಟ್ಟೋಕೆ ಬಂದ್ರೆ ಕೂಗು’ ಅಂದರು.

ನಾನು ತೊಟ್ಟಿಲ ಪಕ್ಕ ಕೂತು ಮನೆಪಾಠ ಬರೆಯುತ್ತಿದ್ದೆ. ಮಧ್ಯಾಹ್ನ. ಎಲ್ಲರೂ ಗದ್ದೆಯಲ್ಲಿದ್ದರು, ಅಜ್ಜಿ ಹಿತ್ತಲಲ್ಲಿ. ಮಗು ಎದ್ದು ಅಳತೊಡಗಿತು. ಚಿಕ್ಕಮ್ಮ ಕೋಣೆಯಿಂದ ಬಂದರು. ತಲೆ ಬಾಚಿ, ಕುಂಕುಮ ಇಟ್ಟುಕೊಂಡಿದ್ದರು. ನನ್ನ ಮುಖ ನೋಡಿದರು. ಆಮೇಲೆ ಒಂದು ಕೈಯನ್ನು ತೊಟ್ಟಿಲ ಕಡೆ ಚಾಚಿದರು. ಬರೀ ಒಂದು ಕೈ, ಬಳೆ ಇಲ್ಲದ ಕೈ. ಆಸ್ಪತ್ರೆಯಲ್ಲಿ ಬಳೆ ತೆಗೆಸಿದ್ದರು ಅಂತ ಕಾಣುತ್ತದೆ. ನಾನು ‘ಅಜ್ಜೀ’ ಅಂತ ಕಿರುಚಿದೆ. ಎಷ್ಟು ಜೋರಾಗಿ ಅಂದರೆ ಮಗುವೇ ಬೆಚ್ಚಿ ಅಳು ನಿಲ್ಲಿಸಿತು. ಚಿಕ್ಕಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಏನೂ ಅನ್ನಲಿಲ್ಲ. ಕೋಣೆಗೆ ವಾಪಸ್ ಹೋದರು. ಅಜ್ಜಿ ಓಡಿಬಂದು ನನ್ನ ತಲೆ ಸವರಿ, ಒಂದು ಅಚ್ಚು ಬೆಲ್ಲ ಕೊಟ್ಟರು.

ಶರಪಂಜರದಲ್ಲಿ ನಾನು ಇಷ್ಟು ದಿನ ಕಾವೇರಿಯ ಪಕ್ಕ ನಿಂತು ಓದುತ್ತಿದ್ದೆ. ಸಿನಿಮಾ ನೋಡುವಾಗಲೂ ಹಾಗೆಯೇ. ಎಲ್ಲರೂ ಹಾಗೆಯೇ ಓದುತ್ತಾರೆ ಅಂತ ಕಾಣುತ್ತದೆ. ನರ್ಸ್ ಹುಡುಗಿಯ ಮಾತು ಕೇಳಿದ ಮೇಲೆ ನಾನು ನಿಂತಿದ್ದ ಜಾಗ ಯಾವುದು ಅಂತ ಗೊತ್ತಾಯಿತು. ಆ ಪುಸ್ತಕದಲ್ಲಿ ನಾನೂ ಇದ್ದೇನೆ. ಅವಳನ್ನು ಕಣ್ಣಿಟ್ಟು ಕಾಯುವವರ ಸಾಲಿನಲ್ಲಿ, ಬೆಲ್ಲ ತಿನ್ನುತ್ತಾ.

ಎರಡನೇ ಸುತ್ತಿನಲ್ಲಿ ಇದನ್ನೆಲ್ಲ ಹೇಳಿದೆ. ಮೂವತ್ತು ವರ್ಷದಲ್ಲಿ ನನ್ನ ಗಂಡನ ಹತ್ತಿರವೂ ಹೇಳಿರಲಿಲ್ಲ. ‘ನೀವು ಮಗು ಆಗಿದ್ರಿ, ನಿಮ್ಮ ತಪ್ಪೇನು’ ಅಂತ ಒಂದಿಬ್ಬರು ಸಮಾಧಾನ ಮಾಡಿದರು. ನಿಜ ಇರಬಹುದು. ಆದರೆ ಹನ್ನೊಂದು ವರ್ಷದವಳು ಆಮೇಲೆ ಇಪ್ಪತ್ತಾದಳು, ಮೂವತ್ತಾದಳು, ತಾನೂ ಹೆತ್ತಳು. ಒಂದು ದಿನವಾದರೂ ಆ ಮನೆಗೆ ಹೋಗಿ ಚಿಕ್ಕಮ್ಮನ ಪಕ್ಕ ಒಬ್ಬಳೇ ಕೂತು ಮಾತಾಡಲಿಲ್ಲ. ಮದುವೆ, ತಿಥಿ ಅಂತ ಹೋದಾಗ ‘ಚೆನ್ನಾಗಿದೀರಾ’ ಅಂದದ್ದು ಬಿಟ್ಟರೆ ಇಲ್ಲ. ರೈಲು ಪಾಂಡವಪುರದಲ್ಲಿ ನಿಂತಾಗ ಪುಸ್ತಕದೊಳಗೆ ಮುಖ ಇಟ್ಟುಕೊಂಡಿರುತ್ತಿದ್ದೆ. ಮೇಷ್ಟ್ರು ಕೊನೆಯಲ್ಲಿ ಒಂದು ವಿಷಯ ಹೇಳಿದರು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಕ್ಕೆ. ಇನ್ನೂ ಮೂವತ್ತೈದು ಕೂಡ ತುಂಬಿರಲಿಲ್ಲ. ಬಾಣಂತಿಯ ನೋವನ್ನು ಅಷ್ಟು ಹತ್ತಿರದಿಂದ ಬರೆದವರು ಬಾಣಂತಿಯಾಗಿಯೇ ಹೋದರು. ಆ ಮಾತಿಗೆ ಯಾರೂ ಏನೂ ಹೇಳಲಿಲ್ಲ.

ಆಗಸ್ಟ್‌ನ ಮೊದಲ ಭಾನುವಾರ ಕೂಟ ಇರಲಿಲ್ಲ. ಬೆಳಿಗ್ಗೆ ಅದೇ ರೈಲು ಹತ್ತಿ ಪಾಂಡವಪುರದಲ್ಲಿ ಇಳಿದೆ. ಒಂದು ಡಜನ್ ಹಸಿರು ಬಳೆ ತಗೊಂಡಿದ್ದೆ, ಬಾಳೆಹಣ್ಣು, ಮಲ್ಲಿಗೆ. ಆಟೋ ಹಿಡಿದು ಊರಿಗೆ ಹೋದೆ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ಚಿಕ್ಕಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ.

‘ಏನ್ ಮಗಾ, ಈಗ ಗ್ಯಾನ ಬಂತಾ?’ ಅಂದರು. ಬೈಗುಳ ಇರಲಿಲ್ಲ ಆ ಮಾತಿನಲ್ಲಿ.

ಮಗ ಬೆಂಗಳೂರಲ್ಲಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ ಅಂದರು. ಮುದ್ದೆ, ಸೊಪ್ಪಿನ ಸಾರು ಹಾಕಿದರು. ನಾನು ಹೇಳಬೇಕು ಅಂದುಕೊಂಡು ಹೋದ ಮಾತು ಗಂಟಲಲ್ಲೇ ಇತ್ತು. ಕೈ ತೊಳೆದು ಬಂದಾಗ ಅವರು ನನ್ನ ಚೀಲದಿಂದ ಹೊರಗೆ ಕಾಣುತ್ತಿದ್ದ ಪುಸ್ತಕ ನೋಡಿ, ‘ಅದ್ಯಾವ ಕಥೆ?’ ಅಂತ ಕೇಳಿದರು. ಶರಪಂಜರ ಅದು. ಬೇಕೆಂದೇ ತಂದಿದ್ದೆನೋ, ಸುಮ್ನೆ ಚೀಲದಲ್ಲೇ ಉಳಿದಿತ್ತೋ, ನನಗೂ ಈಗ ಸರಿಯಾಗಿ ಹೇಳಲು ಬರುವುದಿಲ್ಲ. ಕಾವೇರಿ ಅಂತ ಒಬ್ಬಳು, ಅವಳಿಗೆ ಬಾಣಂತನದಲ್ಲಿ ಹುಷಾರು ತಪ್ಪುತ್ತದೆ, ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ ಅಂತ ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ.

ಚಿಕ್ಕಮ್ಮ ಹುಣಸೆಹಣ್ಣು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, ‘ಮಗೀನ ಎತ್ಕೊಳಕ್ಕೆ ಬುಟ್ರಾ ಅವಳ್ನ?’

ನಾನು ಅವರ ಅಂಟು ಅಂಟಾದ ಕೈಯನ್ನು ಹಿಡಿದುಕೊಂಡೆ. ‘ಚಿಕ್ಕಮ್ಮ, ಆವತ್ತು ನಾನು ಕೂಗಬಾರದಿತ್ತು’ ಅಂದೆ. ಯಾವತ್ತು ಅಂತ ಅವರು ಕೇಳಲಿಲ್ಲ. ‘ನೀನೇನ್ ಮಾಡೀಯೆ, ಕೂಸು’ ಅಂದರು. ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ.

ಆಮೇಲೆ ಕೈ ತೊಳೆದುಕೊಂಡು ಬಂದು, ಬಳೆ ತೊಟ್ಟು, ಗೋಡೆಗೆ ಒರಗಿ ಕೂತರು. ‘ನಂಗೆ ಅಕ್ಷರ ಮಂಜು ಮಂಜು. ನೀನೇ ಓದು’ ಅಂದರು. ಮೊದಲ ಪುಟದಿಂದ ಓದಿದೆ. ಕಂಡಕ್ಟರ್ ಅಣ್ಣನ ಹಾಗೆ ಓದಲು ನನಗೆ ಬರುವುದಿಲ್ಲ, ಆದರೂ ನಿಧಾನವಾಗಿ, ಬಿಡಿಸಿ ಬಿಡಿಸಿ ಓದಿದೆ. ಕೆಲವು ಕಡೆ ಅವರು ‘ಹ್ಞೂಂ’ ಅಂದರು. ಒಂದು ಕಡೆ ‘ಇನ್ನೊಂದ್ಸಲ ಓದು’ ಅಂದರು. ಸಂಜೆ ರೈಲಿಗೆ ಹೊತ್ತಾಯಿತು ಅಂದಾಗ ಪುಸ್ತಕ ತಾವೇ ತಗೊಂಡು, ಎಲ್ಲಿಗೆ ನಿಲ್ಲಿಸಿದೆವು ಅಂತ ಗುರುತಿಗೆ ಹಳೇ ಬಸ್ ಟಿಕೆಟ್ ಒಂದನ್ನು ಇಟ್ಟು, ಗೂಡಿನಲ್ಲಿ ದೀಪದ ಪಕ್ಕ ಇಟ್ಟುಕೊಂಡರು.

ಎರಡನೇ ಭಾನುವಾರ ಮೈಸೂರು. ಮೊದಲನೆಯದಕ್ಕೂ ಮೂರನೆಯದಕ್ಕೂ ಪಾಂಡವಪುರದಲ್ಲಿ ಇಳಿಯುತ್ತೇನೆ.